ವಾಹಿನಿಗಳ ಗುಚ್ಛ ದರ ಮತ್ತು ಗ್ರಾಹಕರ ಆಯ್ಕೆ

ಗುಚ್ಛ ದರ ಎಂದರೆ ಎರಡು ಅಥವಾ ಅದಕ್ಕಿಂತ ಹೆಚ್ಚು ಸರಕು ಇಲ್ಲವೆ ಸೇವೆಗಳನ್ನು ಒಟ್ಟುಗೂಡಿಸಿ ಒಂದೇ ಬೆಲೆಗೆ ಮಾರುವ ಪದ್ಧತಿ. ಬಳಕೆಯ ಮಾತಿನಲ್ಲಿ ಇದನ್ನು ಪ್ಯಾಕ್, ಪ್ಯಾಕೇಜ್ ಅಥವಾ ಬೊಕೆ ಎನ್ನುತ್ತಾರೆ. ಭಾರತದಲ್ಲಿ ಜನಸಾಮಾನ್ಯರಿಗೆ ಇದರ ಅತ್ಯಂತ ಪರಿಚಿತ ಉದಾಹರಣೆ ದೂರದರ್ಶನ ವಾಹಿನಿಗಳ ಪ್ಯಾಕ್. ಮೊಬೈಲ್ ರೀಚಾರ್ಜ್ ಮತ್ತು ಒಟಿಟಿ ಚಂದಾಗಳಲ್ಲಿಯೂ ಇದೇ ಪದ್ಧತಿ ಬೇರೂರಿದೆ. 2019ರ ಫೆಬ್ರವರಿ 1ರಿಂದ ದೇಶದ ಪ್ರತಿಯೊಬ್ಬ ವೀಕ್ಷಕನಿಗೆ ಬೇಕಾದ ವಾಹಿನಿಯನ್ನು ಬಿಡಿಯಾಗಿ ಕೊಳ್ಳುವ ಹಕ್ಕು ದೊರೆತಿದ್ದರೂ, ಹೆಚ್ಚಿನ ಮನೆಗಳು ಗುಚ್ಛಗಳಲ್ಲಿಯೇ ಮುಂದುವರಿದವು. ಇದಕ್ಕೆ ಮುಖ್ಯ ಕಾರಣ ಬಿಡಿ ಬೆಲೆ ಮತ್ತು ಗುಚ್ಛದ ಬೆಲೆಗಳ ನಡುವಿನ ಅನುಪಾತ. ಕನ್ನಡ ಮತ್ತು ಮರಾಠಿ ಎರಡೂ ಬಳಕೆಯಲ್ಲಿರುವ ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲ್ಲೂಕುಗಳಂತಹ ಪ್ರದೇಶಗಳಲ್ಲಿ ಈ ಪ್ರಶ್ನೆಗೆ ಭಾಷೆಯ ಆಯಾಮವೂ ಸೇರಿಕೊಳ್ಳುತ್ತದೆ.

ಪರಿಕಲ್ಪನೆ

ಗುಚ್ಛದಲ್ಲಿರುವ ವಸ್ತುಗಳು ಬಿಡಿಯಾಗಿ ಸಿಗದಿದ್ದರೆ ಅದು ಶುದ್ಧ ಗುಚ್ಛ. ಬಿಡಿಯಾಗಿಯೂ ಒಟ್ಟಾಗಿಯೂ ಸಿಗುವುದಾದರೆ ಮಿಶ್ರ ಗುಚ್ಛ. ಅಮೆರಿಕದಲ್ಲಿ ಚಲನಚಿತ್ರ ವಿತರಕರು ಬೇಡಿಕೆಯಿದ್ದ ಚಿತ್ರಗಳೊಡನೆ ಬೇಡಿಕೆಯಿಲ್ಲದವನ್ನೂ ದೂರದರ್ಶನ ಕೇಂದ್ರಗಳಿಗೆ ಒತ್ತಾಯದಿಂದ ಮಾರುತ್ತಿದ್ದುದನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಕಾನೂನುಬಾಹಿರವೆಂದು ತೀರ್ಮಾನಿಸಿತು. ಮಾರಾಟಗಾರರು ಹೀಗೇಕೆ ಮಾಡುತ್ತಾರೆ ಎಂಬುದಕ್ಕೆ ಅರ್ಥಶಾಸ್ತ್ರಜ್ಞ ಜಾರ್ಜ್ ಸ್ಟಿಗ್ಲರ್ 1963ರಲ್ಲಿ ನೀಡಿದ ವಿವರಣೆ ಇಂದಿಗೂ ಈ ವಿಷಯದ ತಳಹದಿಯಾಗಿದೆ.

ಆ ವಿವರಣೆಯನ್ನು ಒಂದು ಕಾಲ್ಪನಿಕ ಲೆಕ್ಕದಿಂದ ತಿಳಿಯಬಹುದು. ಗೋಕಾಕ ಫಾಲ್ಸ್‌ನ ಒಂದು ಮನೆಯವರು ಕನ್ನಡ ವಾಹಿನಿಗೆ ತಿಂಗಳಿಗೆ 18 ರೂಪಾಯಿ, ಮರಾಠಿ ವಾಹಿನಿಗೆ 8 ರೂಪಾಯಿ ಕೊಡಲು ಸಿದ್ಧರಿದ್ದಾರೆ ಎಂದಿಟ್ಟುಕೊಳ್ಳೋಣ. ಸಂಕೇಶ್ವರದ ಇನ್ನೊಂದು ಮನೆಯಲ್ಲಿ ಇದು ತಿರುವುಮುರುವು: ಮರಾಠಿಗೆ 18, ಕನ್ನಡಕ್ಕೆ 8. ಪ್ರತಿ ವಾಹಿನಿಗೆ 18 ರೂಪಾಯಿ ಇಟ್ಟರೆ ಮನೆಗೊಂದು ವಾಹಿನಿ ಮಾರಾಟವಾಗಿ ಒಟ್ಟು 36 ರೂಪಾಯಿ ಬರುತ್ತದೆ. 8 ರೂಪಾಯಿ ಇಟ್ಟರೆ ಇಬ್ಬರೂ ಎರಡನ್ನೂ ಕೊಳ್ಳುತ್ತಾರೆ; ಬರುವುದು 32. ಎರಡನ್ನೂ ಕಟ್ಟಿ 26 ರೂಪಾಯಿಗೆ ಮಾರಿದರೆ ಇಬ್ಬರೂ ಕೊಳ್ಳುತ್ತಾರೆ, ಒಟ್ಟು 52 ರೂಪಾಯಿ ಕೈಸೇರುತ್ತದೆ. ಒಂದು ವಾಹಿನಿಯನ್ನು ಇನ್ನೊಂದು ಮನೆಗೆ ತಲುಪಿಸಲು ಪ್ರಸಾರಕನಿಗೆ ಹೆಚ್ಚುವರಿ ಖರ್ಚು ಬಹುತೇಕ ಇಲ್ಲ. ಅಕ್ಕಿ, ಸಕ್ಕರೆಗಳಲ್ಲಿ ನಡೆಯದ ಈ ಲೆಕ್ಕ ವಾಹಿನಿಗಳಲ್ಲಿ ಸಲೀಸಾಗಿ ನಡೆಯುವುದು ಈ ಕಾರಣದಿಂದಲೇ.

ತೊಂದರೆಗೆ ಒಳಗಾಗುವುದು ಮೂರನೆಯ ಮನೆ. ಅವರಿಗೆ ಕನ್ನಡ ವಾಹಿನಿಯ ಬೆಲೆ 22 ರೂಪಾಯಿ, ಮರಾಠಿ ಬೇಡವೇ ಬೇಡ. ಬಿಡಿ ಬೆಲೆ 18 ಇದ್ದಾಗ ಅವರು ಸಂತೋಷದಿಂದ ಕೊಳ್ಳುತ್ತಿದ್ದರು. ಬಿಡಿ ಬೆಲೆ 25, ಜೋಡಿ ಬೆಲೆ 26 ಎಂದಾದರೆ ಅವರಿಗೆ ಎರಡೂ ಗಿಟ್ಟುವುದಿಲ್ಲ. ದರಪಟ್ಟಿಯಲ್ಲಿ ಬಿಡಿ ವಾಹಿನಿ ಇದೆ, ಆಯ್ಕೆಯಲ್ಲಿ ಇಲ್ಲ. ಭಾರತದಲ್ಲಿ ಮುಂದೆ ನಡೆದ ನಿಯಂತ್ರಣದ ವಿವಾದಗಳಲ್ಲಿ ಬಹುಪಾಲು ಈ ಒಂದು ಸಂಗತಿಯ ಸುತ್ತಲೇ ಸುತ್ತುತ್ತವೆ.

ಕೇಬಲ್ ಕಾಲದಿಂದ ಡಿಜಿಟಲೀಕರಣದವರೆಗೆ

ಕನ್ನಡದ ಮೊದಲ ಖಾಸಗಿ ಉಪಗ್ರಹ ವಾಹಿನಿಯಾದ ಉದಯ ಟಿವಿ 1994ರಲ್ಲಿ ಆರಂಭವಾದಾಗ ಅದು ಮನೆಗೆ ಬಂದದ್ದು ಅನಲಾಗ್ ಕೇಬಲ್ ತಂತಿಯ ಮೂಲಕ. ಆ ತಂತಿಯಲ್ಲಿ ಎಲ್ಲ ವಾಹಿನಿಗಳೂ ಒಟ್ಟಿಗೆ ಹರಿಯುತ್ತಿದ್ದವು. ಒಂದು ಮನೆಗೆ ಒಂದನ್ನು ಕೊಟ್ಟು ಇನ್ನೊಂದನ್ನು ತಡೆಯುವ ಉಪಾಯವಿರಲಿಲ್ಲ. ಹೀಗಾಗಿ ಆಗಿನ ಕೇಬಲ್ ಬಾಡಿಗೆ ತಂತ್ರಜ್ಞಾನದ ಅನಿವಾರ್ಯತೆಯಿಂದಲೇ ಶುದ್ಧ ಗುಚ್ಛವಾಗಿತ್ತು. 2004ರ ಜನವರಿಯಲ್ಲಿ ಪ್ರಸಾರ ಮತ್ತು ಕೇಬಲ್ ಸೇವೆಗಳು ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ (ಟ್ರಾಯ್) ವ್ಯಾಪ್ತಿಗೆ ಬಂದವು.

2011ರಲ್ಲಿ ಕೇಬಲ್ ಕಾಯಿದೆಗೆ ತಂದ ತಿದ್ದುಪಡಿಯ ಮೂಲಕ ನಾಲ್ಕು ಹಂತಗಳಲ್ಲಿ ಡಿಜಿಟಲೀಕರಣ ಕಡ್ಡಾಯವಾಯಿತು. ಕರ್ನಾಟಕದಲ್ಲಿ ಬೆಂಗಳೂರು ಮತ್ತು ಮೈಸೂರು ಎರಡನೆಯ ಹಂತದಲ್ಲಿ, ಅಂದರೆ 2013ರ ಮಾರ್ಚ್ 31ರ ಗಡುವಿನೊಳಗೆ ಬದಲಾಗಬೇಕಿತ್ತು. ಗೋಕಾಕದಂತಹ ಉಳಿದ ನಗರ ಪ್ರದೇಶಗಳು ಮೂರನೆಯ ಹಂತಕ್ಕೆ, ಹಳ್ಳಿಗಳು ನಾಲ್ಕನೆಯ ಹಂತಕ್ಕೆ ಸೇರಿದವು. ವಿಸ್ತರಣೆಗಳ ನಂತರ ಕೊನೆಯ ಹಂತದ ಗಡುವು 2017ರ ಮಾರ್ಚ್ 31 ಎಂದಾಯಿತು. ಪ್ರತಿ ಮನೆಗೂ ಸೆಟ್-ಟಾಪ್ ಬಾಕ್ಸ್ ಬಂದ ಮೇಲೆ ಬಿಡಿ ವಾಹಿನಿ ಮಾರುವುದಕ್ಕೆ ತಾಂತ್ರಿಕ ಅಡ್ಡಿ ಉಳಿಯಲಿಲ್ಲ.

2017ರ ದರ ಆದೇಶ

ಟ್ರಾಯ್ 2017ರ ಮಾರ್ಚ್ 3ರಂದು ಹೊಸ ದರ ಆದೇಶವನ್ನು ಪ್ರಕಟಿಸಿತು. ಪ್ರತಿ ಪಾವತಿ ವಾಹಿನಿಗೂ ಪ್ರಸಾರಕನೇ ಗರಿಷ್ಠ ಮಾರಾಟ ಬೆಲೆಯನ್ನು ಘೋಷಿಸಬೇಕು. ಗುಚ್ಛದಲ್ಲಿ ಸೇರಿಸುವ ವಾಹಿನಿಯ ಬಿಡಿ ಬೆಲೆ 19 ರೂಪಾಯಿ ಮೀರಬಾರದು. ಉಚಿತ ವಾಹಿನಿ ಮತ್ತು ಪಾವತಿ ವಾಹಿನಿಗಳನ್ನು ಒಂದೇ ಗುಚ್ಛದಲ್ಲಿ ಬೆರೆಸಬಾರದು ಎಂಬುವು ಇದರ ಮುಖ್ಯ ನಿಯಮಗಳು. ವಾಹಿನಿಗಳ ಬೆಲೆಯ ಹೊರತಾಗಿ 100 ವಾಹಿನಿಗಳವರೆಗೆ ತಿಂಗಳಿಗೆ ಗರಿಷ್ಠ 130 ರೂಪಾಯಿ ಜಾಲ ಸಾಮರ್ಥ್ಯ ಶುಲ್ಕ ನಿಗದಿಯಾಯಿತು. ಶೇ. 18ರ ಜಿಎಸ್‌ಟಿ ಸೇರಿದರೆ ಇದು 153 ರೂಪಾಯಿ 40 ಪೈಸೆ. ವಿದ್ಯುತ್ ಬಿಲ್ಲಿನಲ್ಲಿ ನಿಗದಿತ ಶುಲ್ಕ ಬೇರೆ, ಬಳಸಿದ ಯೂನಿಟ್‌ಗಳ ಶುಲ್ಕ ಬೇರೆ ಇರುವಂತೆಯೇ ಇದು. ಏನನ್ನೂ ನೋಡದಿದ್ದರೂ ಮೊದಲನೆಯದು ತಪ್ಪದು.

ಸ್ಟಾರ್ ಇಂಡಿಯಾ ಮತ್ತು ವಿಜಯ್ ಟೆಲಿವಿಷನ್ ಸಂಸ್ಥೆಗಳು ಈ ಆದೇಶವನ್ನು ಮದ್ರಾಸ್ ಹೈಕೋರ್ಟಿನಲ್ಲಿ ಪ್ರಶ್ನಿಸಿದವು. ಕಾರ್ಯಕ್ರಮಗಳ ಬೆಲೆ ಕೃತಿಸ್ವಾಮ್ಯ ಕಾಯಿದೆಗೆ ಸೇರಿದ್ದು, ಟ್ರಾಯ್‌ಗೆ ಅದರಲ್ಲಿ ಅಧಿಕಾರವಿಲ್ಲ ಎಂಬುದು ಅವುಗಳ ವಾದ. 2018ರ ಮಾರ್ಚ್‌ನಲ್ಲಿ ಇಬ್ಬರು ನ್ಯಾಯಮೂರ್ತಿಗಳು ಭಿನ್ನ ತೀರ್ಪು ನೀಡಿದರು. ಮೇ ತಿಂಗಳಲ್ಲಿ ಮೂರನೆಯ ನ್ಯಾಯಮೂರ್ತಿ ಟ್ರಾಯ್ ಪರವಾಗಿ ತೀರ್ಪಿತ್ತರು. ಅಕ್ಟೋಬರ್ 30ರಂದು ಸರ್ವೋಚ್ಚ ನ್ಯಾಯಾಲಯ ಮೇಲ್ಮನವಿಯನ್ನು ತಳ್ಳಿಹಾಕಿತು. ಮಾಧ್ಯಮದ ಬೆಲೆಯನ್ನು ಸರ್ಕಾರ ಎಷ್ಟರಮಟ್ಟಿಗೆ ನಿಯಂತ್ರಿಸಬಹುದು ಎಂಬುದು ಹಳೆಯ ಪ್ರಶ್ನೆಯೇ. ಪತ್ರಿಕೆಯ ಬೆಲೆಗೂ ಪುಟಗಳ ಸಂಖ್ಯೆಗೂ ಗಂಟುಹಾಕಿದ್ದ 1956ರ ಕಾಯಿದೆ ಮತ್ತು 1960ರ ಆದೇಶಗಳನ್ನು ಪುಣೆಯ ಮರಾಠಿ ದೈನಿಕ ಸಕಾಳ್‌ನ ಮೊಕದ್ದಮೆಯಲ್ಲಿ ಇದೇ ನ್ಯಾಯಾಲಯ 1961ರಲ್ಲಿ ರದ್ದುಗೊಳಿಸಿತ್ತು.

ಈ ಹೋರಾಟದ ನಡುವೆ ಒಂದು ಮುಖ್ಯ ನಿಯಮ ಬಿದ್ದುಹೋಯಿತು. ಬಿಡಿ ಬೆಲೆಗಳ ಮೊತ್ತಕ್ಕಿಂತ ಗುಚ್ಛದ ಬೆಲೆ ಶೇ. 15ಕ್ಕಿಂತ ಹೆಚ್ಚು ಕಡಿಮೆ ಇರಬಾರದು ಎಂದು ಟ್ರಾಯ್ ವಿಧಿಸಿದ್ದ ಮಿತಿಯನ್ನು ಹೈಕೋರ್ಟ್ ಸ್ವೇಚ್ಛೆಯದೆಂದು ಕೈಬಿಟ್ಟಿತು. 2019ರಲ್ಲಿ ಹೊಸ ವ್ಯವಸ್ಥೆ ಜಾರಿಗೆ ಬಂದಾಗ ಬಿಡಿ ಬೆಲೆ ಇತ್ತು, ರಿಯಾಯಿತಿಗೆ ಮಿತಿ ಇರಲಿಲ್ಲ.

ರಿಯಾಯಿತಿಯ ಮಿತಿ

ಪ್ರಸಾರಕರು ಜನಪ್ರಿಯ ಮನರಂಜನಾ ವಾಹಿನಿಗಳಲ್ಲಿ ಅನೇಕವಕ್ಕೆ ಗರಿಷ್ಠ ಮಿತಿಯಾದ 19 ರೂಪಾಯಿಯನ್ನೇ ನಿಗದಿ ಮಾಡಿದರು. ಗುಚ್ಛಗಳಿಗೆ ಶೇ. 70ರವರೆಗೂ ರಿಯಾಯಿತಿ ನೀಡಲಾಗಿದೆ ಎಂದು ಟ್ರಾಯ್ 2019ರ ಆಗಸ್ಟ್‌ನಲ್ಲಿ ತಾನೇ ದಾಖಲಿಸಿತು. ಅದೇ ವರ್ಷದ ಫೆಬ್ರವರಿಯಲ್ಲಿ ಕ್ರಿಸಿಲ್ ಸಂಸ್ಥೆ, ಹೆಚ್ಚು ಜನಪ್ರಿಯವಾದ 10 ವಾಹಿನಿಗಳನ್ನು ಆರಿಸಿಕೊಳ್ಳುವವರ ಮಾಸಿಕ ಬಿಲ್ಲು 230–240 ರೂಪಾಯಿಯಿಂದ ಸುಮಾರು 300 ರೂಪಾಯಿಗೆ ಏರಬಹುದು, ಐದನ್ನಷ್ಟೇ ಆರಿಸಿದವರ ಬಿಲ್ಲು ಇಳಿಯಬಹುದು ಎಂದು ಅಂದಾಜಿಸಿತ್ತು. ಟ್ರಾಯ್ ಈ ಅಂದಾಜನ್ನು ಒಪ್ಪಲಿಲ್ಲ.

ರಿಯಾಯಿತಿ ಗ್ರಾಹಕನಿಗೆ ಲಾಭವಲ್ಲವೇ ಎಂಬ ಪ್ರಶ್ನೆ ಸಹಜ. ತಲಾ 19 ರೂಪಾಯಿಯ ನಾಲ್ಕು ವಾಹಿನಿಗಳ ಬಿಡಿ ಮೊತ್ತ 76 ರೂಪಾಯಿ. ಶೇ. 70 ರಿಯಾಯಿತಿಯಾದರೆ ಗುಚ್ಛದ ಬೆಲೆ 22 ರೂಪಾಯಿ 80 ಪೈಸೆ; ಒಂದೇ ವಾಹಿನಿಯನ್ನು ಕೊಳ್ಳುವವನಿಗೂ ನಾಲ್ಕನ್ನು ಕೊಳ್ಳುವವನಿಗೂ ನಡುವೆ ಇರುವ ಅಂತರ ನಾಲ್ಕು ರೂಪಾಯಿಗಿಂತ ಕಡಿಮೆ. ನಾಲ್ಕೂ ಬೇಕಾದವನಿಗೆ ಇದು ನಿಜವಾಗಿಯೂ ಅಗ್ಗ. ಒಂದೇ ಬೇಕಾದವನಿಗೆ ಮಾತ್ರ 19 ರೂಪಾಯಿ ಎಂಬುದು ಬೆಲೆಯಾಗಿರದೆ ಗುಚ್ಛದ ಕಡೆಗೆ ತಳ್ಳುವ ಕೈಯಾಗುತ್ತದೆ. ಜನಪ್ರಿಯವಲ್ಲದ ವಾಹಿನಿಗಳು ಇದರಿಂದಾಗಿ ಲಕ್ಷಾಂತರ ಮನೆಗಳ ಪಟ್ಟಿಯಲ್ಲಿ ಸೇರಿ, ಆ ವ್ಯಾಪ್ತಿಯನ್ನು ತೋರಿಸಿ ಜಾಹೀರಾತು ಪಡೆಯಲು ಶಕ್ತವಾಗುತ್ತವೆ.

2020ರ ಜನವರಿ 1ರಂದು ಟ್ರಾಯ್ ತಂದ ತಿದ್ದುಪಡಿಯು ಗುಚ್ಛಕ್ಕೆ ಸೇರುವ ವಾಹಿನಿಯ ಬೆಲೆಯನ್ನು 12 ರೂಪಾಯಿಗೆ ಇಳಿಸಿತು. ಬಿಡಿ ಬೆಲೆಗಳ ಮೊತ್ತ ಗುಚ್ಛದ ಬೆಲೆಯ ಒಂದೂವರೆ ಪಟ್ಟು ಮೀರಬಾರದೆಂದಿತು. ಅಂದರೆ ರಿಯಾಯಿತಿ ಮೂರನೇ ಒಂದು ಭಾಗಕ್ಕೆ ಸೀಮಿತ. ಜಾಲ ಶುಲ್ಕದ 130 ರೂಪಾಯಿಗೆ ಸಿಗುವ ವಾಹಿನಿಗಳ ಸಂಖ್ಯೆ 200ಕ್ಕೆ ಏರಿತು. ಬಾಂಬೆ ಹೈಕೋರ್ಟ್ 2021ರ ಜೂನ್ 30ರಂದು ಇದರ ಬಹುಭಾಗವನ್ನು ಎತ್ತಿಹಿಡಿದರೂ ಪ್ರಸಾರಕರ ವಿರೋಧ ನಿಲ್ಲಲಿಲ್ಲ. ಕೊನೆಗೆ 2022ರ ನವೆಂಬರ್ 22ರ ತಿದ್ದುಪಡಿಯಲ್ಲಿ 19 ರೂಪಾಯಿಯ ಮಿತಿ ಮರಳಿ ಬಂತು, ರಿಯಾಯಿತಿಯ ಮಿತಿ ಶೇ. 45 ಎಂದಾಯಿತು. ಮೇಲಿನ ಲೆಕ್ಕದಲ್ಲಿ ಇದು 41 ರೂಪಾಯಿ 80 ಪೈಸೆ. ಎರಡು ವಾಹಿನಿಗಳ ಬಿಡಿ ಬೆಲೆ 38 ಆಗಿರುವಾಗ ಉಳಿದೆರಡು 3 ರೂಪಾಯಿ 80 ಪೈಸೆಗೆ ಬರುತ್ತವೆ. ಹೊಸ ದರಗಳ ಒಪ್ಪಂದಕ್ಕೆ ಸಹಿ ಹಾಕದ ಕೇಬಲ್ ಸಂಸ್ಥೆಗಳಿಗೆ 2023ರ ಫೆಬ್ರವರಿಯಲ್ಲಿ ದೊಡ್ಡ ಪ್ರಸಾರಕರು ಸಂಕೇತ ನಿಲ್ಲಿಸಿದ್ದರಿಂದ, ಹಣ ಕಟ್ಟಿದ್ದ ವೀಕ್ಷಕರು ಕೆಲವು ದಿನ ವಾಹಿನಿಗಳಿಲ್ಲದೆ ಕಳೆಯಬೇಕಾಯಿತು. 2024ರ ಜುಲೈ 8ರ ತಿದ್ದುಪಡಿಯು ಜಾಲ ಸಾಮರ್ಥ್ಯ ಶುಲ್ಕದ ಮಿತಿಯನ್ನೇ ತೆಗೆದುಹಾಕಿತು.

ಗಡಿ ತಾಲ್ಲೂಕುಗಳಲ್ಲಿ

ಪ್ರಸಾರಕರ ಗುಚ್ಛಗಳು ಸಾಮಾನ್ಯವಾಗಿ ಭಾಷಾವಾರು ರಚನೆಯಾಗಿವೆ. ಒಂದೇ ಭಾಷೆಯ ವೀಕ್ಷಕರಿಗೆ ಇದು ಅನುಕೂಲ. ಘಟಪ್ರಭಾ ನದಿಯ ಜಲಪಾತ ಮತ್ತು ನೂಲಿನ ಗಿರಣಿಯಿಂದ ಹೆಸರಾದ ಗೋಕಾಕ ಫಾಲ್ಸ್, ಮಹಾರಾಷ್ಟ್ರದ ಗಡಹಿಂಗ್ಲಜಕ್ಕೆ ಸಮೀಪದ ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರ ಮೊದಲಾದ ಕಡೆಗಳಲ್ಲಿ ಒಂದೇ ಮನೆಯಲ್ಲಿ ಕನ್ನಡ ಧಾರಾವಾಹಿಯೂ ಮರಾಠಿ ಧಾರಾವಾಹಿಯೂ ಬೇಕಾಗುವುದು ಅಪರೂಪವಲ್ಲ. ಆಗ ಎರಡು ಭಾಷೆಗಳ ಗುಚ್ಛಗಳನ್ನು ಕೊಳ್ಳಬೇಕು, ಇಲ್ಲವೆ ಎರಡನೆಯ ಭಾಷೆಯ ವಾಹಿನಿಗೆ ಬಿಡಿ ಬೆಲೆಯನ್ನು ಪೂರ್ತಿ ತೆರಬೇಕು. ಗುಚ್ಛದ ಒಳಗಿರುವವರಿಗೆ ಸಿಗುವ ರಿಯಾಯಿತಿ ಭಾಷೆಯ ಗಡಿ ದಾಟುವವರಿಗೆ ಸಿಗುವುದಿಲ್ಲ.

ತೋಟದ ಮನೆಗಳಿಗೆ ಕೇಬಲ್ ತಂತಿ ಎಳೆಯುವುದು ಕಷ್ಟವಾದ್ದರಿಂದ ಅಲ್ಲಿ ಡಿಶ್ ಬಳಕೆ ಸಹಜ. ಪ್ರಸಾರ ಭಾರತಿಯ ಡಿಡಿ ಫ್ರೀ ಡಿಶ್‌ಗೆ ಮಾಸಿಕ ಶುಲ್ಕವಿಲ್ಲ. ಕನ್ನಡದ ಡಿಡಿ ಚಂದನ ಅದರಲ್ಲಿ ದೊರೆಯುತ್ತದೆ. ಆದರೆ ಪಾವತಿ ವಾಹಿನಿಗಳಾಗಿರುವ ಪ್ರಮುಖ ಕನ್ನಡ ಮನರಂಜನಾ ವಾಹಿನಿಗಳಿಗಾಗಿ ಕೇಬಲ್ ಅಥವಾ ಖಾಸಗಿ ಡಿಶ್ ಅನ್ನೇ ಅವಲಂಬಿಸಬೇಕು.

ಕನ್ನಡ ವೀಕ್ಷಕರ ಆಯ್ಕೆಯನ್ನು ಕಿರಿದಾಗಿಸಿದ್ದು ಬೆಲೆಯೊಂದೇ ಅಲ್ಲ. ಪರಭಾಷೆಯ ಕಾರ್ಯಕ್ರಮಗಳನ್ನು ಕನ್ನಡಕ್ಕೆ ಡಬ್ ಮಾಡುವುದಕ್ಕೆ ಚಿತ್ರೋದ್ಯಮದ ಸಂಘಟನೆಗಳು ದಶಕಗಳ ಕಾಲ ಒಡ್ಡಿದ್ದ ತಡೆಯ ವಿರುದ್ಧ ಕನ್ನಡ ಗ್ರಾಹಕರ ಕೂಟವು ಭಾರತೀಯ ಸ್ಪರ್ಧಾ ಆಯೋಗದ ಮೊರೆಹೋಗಿತ್ತು. 2015ರ ಜುಲೈನಲ್ಲಿ ಆಯೋಗವು ಆ ತಡೆ ಸ್ಪರ್ಧಾ ವಿರೋಧಿ ಎಂದು ತೀರ್ಮಾನಿಸಿ ದಂಡ ವಿಧಿಸಿತು.

ಮೊಬೈಲ್ ಮತ್ತು ಒಟಿಟಿ ಸೇವೆಗಳಲ್ಲಿ

ಮೊಬೈಲ್ ಯೋಜನೆಗಳಲ್ಲಿ ಕರೆ, ಸಂದೇಶ, ಡೇಟಾ ಮತ್ತು ಒಟಿಟಿ ಚಂದಾ ಒಂದೇ ರೀಚಾರ್ಜ್‌ನಲ್ಲಿ ಬೆಸೆದುಕೊಂಡಿವೆ. ಕೆಲವು ಜಾಲತಾಣಗಳನ್ನಷ್ಟೇ ಉಚಿತವಾಗಿ ಕೊಡುವ ಫೇಸ್‌ಬುಕ್‌ನ ಫ್ರೀ ಬೇಸಿಕ್ಸ್‌ನಂತಹ ಯೋಜನೆಗಳಿಗೆ ಟ್ರಾಯ್ 2016ರ ಫೆಬ್ರವರಿ 8ರಂದು ತಡೆ ಹಾಕಿತು: ಯಾವ ತಾಣವನ್ನು ನೋಡುತ್ತಾರೆ ಎಂಬುದರ ಮೇಲೆ ಡೇಟಾದ ದರ ಬದಲಾಗುವಂತಿಲ್ಲ. ಒಟಿಟಿ ಚಂದಾವನ್ನು ರೀಚಾರ್ಜ್ ಜೊತೆ ಕಟ್ಟುವುದಕ್ಕೆ ಈ ನಿಯಮ ಅಡ್ಡಬರಲಿಲ್ಲ.

ಸಾಮಾನ್ಯ ಕೀಪ್ಯಾಡ್ ಫೋನ್ ಬಳಸುವ ಹಿರಿಯರು ಬಳಸದ ಡೇಟಾಕ್ಕೂ ಹಣ ತೆರುತ್ತಿದ್ದುದು ಇಲ್ಲಿನ ಅತಿ ಸ್ಪಷ್ಟ ಅನ್ಯಾಯವಾಗಿತ್ತು. 2024ರ ಡಿಸೆಂಬರ್ 23ರ ತಿದ್ದುಪಡಿಯಲ್ಲಿ, ಕರೆ ಮತ್ತು ಸಂದೇಶಕ್ಕಷ್ಟೇ ಮೀಸಲಾದ ಕನಿಷ್ಠ ಒಂದು ವಿಶೇಷ ವೋಚರ್ ಇರಲೇಬೇಕೆಂದು ಟ್ರಾಯ್ ಆದೇಶಿಸಿ, ಅಂತಹ ವೋಚರ್‌ಗಳ ಗರಿಷ್ಠ ಅವಧಿಯನ್ನು 90 ದಿನಗಳಿಂದ 365 ದಿನಗಳಿಗೆ ಹೆಚ್ಚಿಸಿತು. ಆದರೆ ಅದರ ಬೆಲೆಯನ್ನು ಕಂಪನಿಗಳಿಗೇ ಬಿಟ್ಟಿದ್ದರಿಂದ, ಬಿಡಿ ವಾಹಿನಿಯ ವಿಷಯದಲ್ಲಿ ಎದ್ದ ಪ್ರಶ್ನೆಯೇ ಇಲ್ಲಿಯೂ ಉಳಿದಿದೆ.

ಒಟಿಟಿ ವೇದಿಕೆಗಳ ಚಂದಾ ದರ ಟ್ರಾಯ್‌ನ ದರ ಆದೇಶಗಳಿಗೆ ಒಳಪಟ್ಟಿಲ್ಲ. ಹೆಚ್ಚಿನ ವೇದಿಕೆಗಳಲ್ಲಿ ಕನ್ನಡವೊಂದನ್ನೇ ಬಯಸುವವರೂ ಎಲ್ಲ ಭಾಷೆಗಳ ಸಂಗ್ರಹಕ್ಕೆ ಹಣ ಕಟ್ಟುತ್ತಾರೆ. ರಿಲಯನ್ಸ್ ಮತ್ತು ಡಿಸ್ನಿಯ ಮಾಧ್ಯಮ ವ್ಯವಹಾರಗಳು 2024ರ ನವೆಂಬರ್‌ನಲ್ಲಿ ವಿಲೀನವಾದ ನಂತರ ಕಲರ್ಸ್ ಕನ್ನಡ ಮತ್ತು ಸ್ಟಾರ್ ಸುವರ್ಣ ಒಂದೇ ಸಂಸ್ಥೆಯ ವಾಹಿನಿಗಳಾದವು. 2025ರ ಫೆಬ್ರವರಿಯಲ್ಲಿ ಅವುಗಳ ಒಟಿಟಿ ವೇದಿಕೆಗಳೂ ಜಿಯೋಹಾಟ್‌ಸ್ಟಾರ್ ಎಂಬ ಹೆಸರಿನಲ್ಲಿ ಒಂದಾದವು.

ಕಾನೂನು ಪರಿಹಾರ

ಒಂದು ವಸ್ತುವಿನ ಜೊತೆ ಇನ್ನೊಂದನ್ನು ಕೊಳ್ಳಲೇಬೇಕೆಂಬ ಷರತ್ತನ್ನು 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯು ನಿರ್ಬಂಧಕ ವ್ಯಾಪಾರ ಪದ್ಧತಿ ಎಂದು ಪರಿಗಣಿಸುತ್ತದೆ. ಸ್ಪರ್ಧಾ ಕಾಯಿದೆ, 2002ರ 3(4)ನೇ ಕಲಂ ಕೂಡ ಇಂತಹ ಜೋಡಿ ಮಾರಾಟದ ಒಪ್ಪಂದಗಳನ್ನು ಪ್ರಶ್ನಿಸಲು ಅವಕಾಶ ಕೊಡುತ್ತದೆ. ಬಿಡಿ ವಾಹಿನಿ ದರಪಟ್ಟಿಯಲ್ಲಿ ಇರುವವರೆಗೆ ಷರತ್ತು ಇದೆಯೆಂದು ಸಾಧಿಸುವುದು ಸುಲಭವಲ್ಲ. ಕೇಳಿದ ಬಿಡಿ ವಾಹಿನಿಯನ್ನು ಕೊಡದೆ ಪ್ಯಾಕ್ ತೆಗೆದುಕೊಳ್ಳುವಂತೆ ಒತ್ತಾಯಿಸಿದರೆ ಮಾತ್ರ ಪ್ರಕರಣ ಸ್ಪಷ್ಟ. ಪ್ರಸಾರ ಸಂಬಂಧಿ ವ್ಯಾಜ್ಯಗಳನ್ನು ಆಲಿಸುವ ದೂರಸಂಪರ್ಕ ವ್ಯಾಜ್ಯಗಳ ನ್ಯಾಯಮಂಡಳಿಯು (ಟಿಡಿಸ್ಯಾಟ್) ಗ್ರಾಹಕರ ಗುಂಪಿನ ದೂರನ್ನು ಸ್ವೀಕರಿಸುತ್ತದೆಯೇ ಹೊರತು ಒಬ್ಬ ವೀಕ್ಷಕನ ದೂರನ್ನಲ್ಲ. ಒಬ್ಬನೇ ದೂರುವುದಾದರೆ ಮೊದಲು ಸೇವಾದಾರರ ದೂರು ಕೇಂದ್ರಕ್ಕೆ, ಅಲ್ಲಿ ಪರಿಹಾರ ಸಿಗದಿದ್ದರೆ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗಬೇಕು. ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.