ಓಟದ ನಂತರ ಯಾರಿಗೆ ನೆಮ್ಮದಿ?

ಆಟಿಸಂ ಇರುವ ಮಗುವಿನ ಮೌನಕ್ಕೆ ತಾಯಿಯ ತಣ್ಣನೆಯ ಮನಸ್ಸೇ ಕಾರಣವೆಂದು ಅಮೆರಿಕದ ಹಲವು ವೈದ್ಯರು ನಂಬಿದ್ದ ಕಾಲವೊಂದಿತ್ತು. ಅಂಥ ಮಗುವಿನ ತಂದೆಯೂ ಮನಶ್ಶಾಸ್ತ್ರಜ್ಞರೂ ಆಗಿದ್ದ ಬರ್ನಾರ್ಡ್ ರಿಮ್‌ಲ್ಯಾಂಡ್, ಇದರ ಬೇರು ನರಮಂಡಲದಲ್ಲಿದೆಯೇ ಹೊರತು ತಾಯಿಯಲ್ಲಲ್ಲ ಎಂದು 1964ರಲ್ಲಿ ಪುಸ್ತಕ ಬರೆದು ವಾದಿಸಿದರು. ಅದೇ ವರ್ಷ ಟೋಕಿಯೊದ ಮುಸಾಶಿನೋದಲ್ಲಿ ಕಿಯೊ ಕಿತಾಹಾರಾ ಎಂಬ ಶಿಕ್ಷಕಿ ಒಂದು ಶಿಶುವಿಹಾರ ತೆರೆದರು. ಇತರ ಮಕ್ಕಳ ಜೊತೆಗೇ ಆಟಿಸಂ ಇರುವ ಮಕ್ಕಳನ್ನೂ ಸೇರಿಸಿಕೊಂಡರು.

ತಾಯಿಯ ತಪ್ಪು ಹುಡುಕುವ ಬದಲು ಕಿತಾಹಾರಾ ಮಗುವಿನ ದಿನಚರಿಯನ್ನು ಹಿಡಿದರು. ಅವರ ಪದ್ಧತಿಗೆ ಮೂರು ಕಂಬ: ಮೈ ದಣಿಯುವಷ್ಟು ವ್ಯಾಯಾಮ, ಭಾವನೆಗಳ ಸ್ಥಿರತೆ, ಬುದ್ಧಿಗೆ ಕೆಲಸ. ಓಟ, ರೋಲರ್ ಸ್ಕೇಟಿಂಗ್, ಒಂಟಿಚಕ್ರದ ಸೈಕಲ್ ಪಾಠದಷ್ಟೇ ಮುಖ್ಯವಾದವು. ಹಗಲು ದಣಿದ ಮೈ ರಾತ್ರಿ ನಿದ್ರಿಸುತ್ತದೆ. ನಿದ್ರೆ, ಊಟ ಹದಕ್ಕೆ ಬಂದರೆ ಕಳವಳ ತಗ್ಗುತ್ತದೆ. ತನ್ನ ಮೈ ತನ್ನ ಮಾತು ಕೇಳುತ್ತದೆಂಬ ಭರವಸೆ ಮಗುವಿಗೆ ಬರುತ್ತದೆ ಎಂಬುದು ಇದರ ಹಿಂದಿನ ತರ್ಕ. 1987ರಲ್ಲಿ ಈ ಪದ್ಧತಿ ಬಾಸ್ಟನ್ ಹಿಗಾಶಿ ಶಾಲೆಯಾಗಿ ಅಮೆರಿಕ ತಲುಪಿತು.

ಅಷ್ಟರಲ್ಲಿ ಅಲ್ಲಿನ ಸಂಶೋಧಕರೂ ವ್ಯಾಯಾಮದತ್ತ ತಿರುಗಿದ್ದರು. 1984ರಲ್ಲಿ ಲಿನ್ ಕೆರ್ನ್, ರಾಬರ್ಟ್ ಕೇಗಲ್, ಗ್ಲೆನ್ ಡನ್‌ಲಾಪ್ ಮೂವರು ಮಕ್ಕಳನ್ನು 15 ನಿಮಿಷ ಚೆಂಡಾಡಿಸಿ, ಇನ್ನೊಮ್ಮೆ 15 ನಿಮಿಷ ಓಡಿಸಿ ಹೋಲಿಸಿದರು. ಚೆಂಡಾಟದಿಂದ ಹೆಚ್ಚೇನೂ ಬದಲಾಗಲಿಲ್ಲ. ಓಟದ ನಂತರ ಮಾತ್ರ ಒಂದೇ ಚಲನೆಯನ್ನು ಮತ್ತೆ ಮತ್ತೆ ಮಾಡುವ ವರ್ತನೆ ಪ್ರತಿಸಲವೂ ಇಳಿಯಿತು.

ಆದರೆ ಇಲ್ಲಿ ಎಣಿಸಿದ್ದೇನು? ನೋಡುವವರಿಗೆ ವಿಚಿತ್ರವೆನಿಸುವ ಚಲನೆಗಳನ್ನು. ಓಡಿದ ಮಗುವಿಗೆ ಹಿತವೆನಿಸಿತೇ ಎಂಬುದು ಆ ಲೆಕ್ಕದಲ್ಲಿ ಇರಲಿಲ್ಲ. ಕಿತಾಹಾರಾ ಭಾವನೆಗೆ ಒಂದು ಕಂಬವನ್ನೇ ಮೀಸಲಿಟ್ಟರೂ, ಮಗು ಗುಂಪಿನ ಶಿಸ್ತಿಗೆ ಹೊಂದಿಕೊಳ್ಳಬೇಕೆಂಬ ನಿರೀಕ್ಷೆ ಅವರ ಶಾಲೆಯಲ್ಲೂ ಇತ್ತು.

ಆಟಿಸಂ ಇರುವ ಅನೇಕ ವಯಸ್ಕರು ಇಂದು ಹೇಳುವ ಮಾತು ಬೇರೆ: ಕೈ ಬಡಿಯುವುದು, ಮೈ ತೂಗುವುದು ತಮ್ಮನ್ನು ತಾವೇ ಸಮಾಧಾನಪಡಿಸಿಕೊಳ್ಳುವ ದಾರಿ. ಹಾಗಿದ್ದರೆ ಆ ಚಲನೆ ನಿಂತದ್ದು ಮಗು ಶಾಂತವಾದದ್ದರಿಂದಲೂ ಇರಬಹುದು, ಬರೀ ದಣಿದದ್ದರಿಂದಲೂ ಇರಬಹುದು. ಎಣಿಕೆಯೊಂದೇ ಇವೆರಡನ್ನು ಬೇರ್ಪಡಿಸಲಾರದು.

ಇದರಿಂದ ವ್ಯಾಯಾಮದ ಬೆಲೆಯೇನೂ ಕುಗ್ಗುವುದಿಲ್ಲ. ತಾಯಂದಿರನ್ನು ಕಟಕಟೆಗೆ ಏರಿಸಿದ್ದ ಕಾಲದಲ್ಲಿ ಮಗುವನ್ನು ಮೈದಾನಕ್ಕೆ ಕರೆದೊಯ್ದದ್ದೇ ದೊಡ್ಡ ಹೆಜ್ಜೆ. ಮುಂದಿನ ಹೆಜ್ಜೆ ಚಿಕ್ಕದು: ನಾಳೆಯೂ ಓಡಲು ಆ ಮಗು ತಾನಾಗಿ ಬೂಟು ಹುಡುಕುತ್ತದೆಯೇ ಎಂದು ಗಮನಿಸುವುದು.