ಸೆಕೆಂಡಿನೊಳಗಿನ ತಡ

1796ರಲ್ಲಿ ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಸಹಾಯಕ ಡೇವಿಡ್ ಕಿನ್ನೆಬ್ರೂಕ್ ಕೆಲಸ ಕಳೆದುಕೊಂಡ. ನಕ್ಷತ್ರವೊಂದು ದೂರದರ್ಶಕದೊಳಗಿನ ಎಳೆಯನ್ನು ದಾಟಿದ ಹೊತ್ತನ್ನು ಅವನು ಮೇಲಧಿಕಾರಿ ನೆವಿಲ್ ಮ್ಯಾಸ್ಕೆಲಿನ್‌ಗಿಂತ ಸುಮಾರು 0.8 ಸೆಕೆಂಡು ತಡವಾಗಿ ಬರೆಯುತ್ತಿದ್ದ. ಹೇಳಿದರೂ ತಿದ್ದಿಕೊಳ್ಳಲಾಗಲಿಲ್ಲ. ಮ್ಯಾಸ್ಕೆಲಿನ್ ಬರೆದದ್ದೇ ಸರಿ ಎನ್ನಲು ಆಧಾರ? ಅವನು ಯಜಮಾನ, ಅಷ್ಟೆ.

ಕೆಲಸವೇನೂ ಸುಲಭದ್ದಲ್ಲ. ಕಣ್ಣು ನಕ್ಷತ್ರದ ಮೇಲೆ, ಕಿವಿ ಗಡಿಯಾರದ ಮೇಲೆ. ಒಂದು ಟಿಕ್ ಕೇಳಿದಾಗ ನಕ್ಷತ್ರ ಎಳೆಯ ಈಚೆ ಎಲ್ಲಿತ್ತು, ಮುಂದಿನ ಟಿಕ್‌ಗೆ ಆಚೆ ಎಲ್ಲಿಗೆ ಹೋಯಿತು ಎಂಬುದನ್ನು ನೆನಪಿಟ್ಟು, ನಡುವಿನ ಅಂತರವನ್ನು ಮನಸ್ಸಿನಲ್ಲೇ ಹತ್ತು ಪಾಲು ಮಾಡಿ, ದಾಟಿದ ಕ್ಷಣವನ್ನು ಅಂದಾಜಿಸಬೇಕು. ಕಣ್ಣು, ಕಿವಿ ಎರಡೂ ಒಟ್ಟಿಗೆ ಸುದ್ದಿ ತರುತ್ತವೆಯೇ ಎಂದು ಯಾರೂ ಕೇಳಿರಲಿಲ್ಲ.

ಈ ಹಳೆಯ ಪ್ರಕರಣವನ್ನು ಗಂಭೀರವಾಗಿ ತೆಗೆದುಕೊಂಡವನು ಪ್ರಷ್ಯಾದ ಕೋನಿಗ್ಸ್‌ಬರ್ಗ್‌ನ ಖಗೋಳಜ್ಞ ಫ್ರೀಡ್ರಿಕ್ ಬೆಸೆಲ್. (ಆ ಊರು ಇಂದು ರಷ್ಯಾದ ಕಲಿನಿನ್‌ಗ್ರಾದ್.) 1820ರ ದಶಕದಲ್ಲಿ ಅವನು ತನ್ನ ವೀಕ್ಷಣೆಗಳನ್ನು ಬೇರೆ ನುರಿತವರ ವೀಕ್ಷಣೆಗಳೊಡನೆ ಹೋಲಿಸಿದಾಗ ವ್ಯತ್ಯಾಸ ಕೆಲವೊಮ್ಮೆ ಒಂದು ಸೆಕೆಂಡನ್ನೂ ಮೀರಿತು. ಅಂದರೆ ಗ್ರೀನಿಚ್‌ನ ಸಹಾಯಕ ಸೋಮಾರಿಯಾಗಿರಲಿಲ್ಲ. ಒಬ್ಬೊಬ್ಬರ ತಡ ಒಂದೊಂದು ಬಗೆ. ಖಗೋಳಜ್ಞರು ಅದಕ್ಕೆ 'ವೈಯಕ್ತಿಕ ಸಮೀಕರಣ' ಎಂದು ಹೆಸರಿಟ್ಟು, ಲೆಕ್ಕದಲ್ಲಿ ಕಳೆದು, ನೆಮ್ಮದಿಯಾದರು.

ಆ ತಡ ದೇಹದೊಳಗೆ ಎಲ್ಲಿ ಆಗುತ್ತದೆ? ಅದನ್ನು ಅಳೆಯುವ ಕೆಲಸ ಅದೇ ಊರಿನಲ್ಲೇ ನಡೆದದ್ದು ಸೋಜಿಗ. ಬೆಸೆಲ್ ತೀರಿಕೊಂಡ ಮೂರು ವರ್ಷಗಳ ಮೇಲೆ, 1849ರಲ್ಲಿ, ಹರ್ಮನ್ ಹೆಲ್ಮ್‌ಹೋಲ್ಟ್ಸ್ ಅಲ್ಲಿಗೆ ಪ್ರಾಧ್ಯಾಪಕನಾಗಿ ಬಂದ. ನರದಲ್ಲಿ ಸುದ್ದಿ ಸಾಗುವ ವೇಗವನ್ನು ಅಳೆಯುವುದು ಆಗದ ಮಾತು ಎಂಬುದು ಅವನ ಗುರು ಯೊಹಾನೆಸ್ ಮ್ಯುಲರ್‌ನ ಅಭಿಪ್ರಾಯ. ಶಿಷ್ಯ ಕಪ್ಪೆಯ ಮೀನಖಂಡದ ಸ್ನಾಯುವನ್ನು ನರದ ಸಮೇತ ಬಿಡಿಸಿಟ್ಟುಕೊಂಡ. ನರಕ್ಕೆ ಒಮ್ಮೆ ಸ್ನಾಯುವಿನ ಹತ್ತಿರ, ಒಮ್ಮೆ ದೂರದಲ್ಲಿ ವಿದ್ಯುತ್ತಿನ ಹೊಡೆತ ಕೊಟ್ಟ. ದೂರದಿಂದ ಕೊಟ್ಟಾಗ ಸ್ನಾಯು ತುಸು ತಡವಾಗಿ ಸೆಳೆದುಕೊಂಡಿತು. ಆ 'ತುಸು'ವನ್ನು ಅಳೆಯಲು ಅವನು ಹೂಡಿದ ಉಪಾಯ ಚೆನ್ನಾಗಿದೆ: ಹೊಡೆತದ ಕ್ಷಣದಲ್ಲೇ ಇನ್ನೊಂದು ವಿದ್ಯುತ್ ಪ್ರವಾಹ ಶುರುವಾಗಬೇಕು, ಸ್ನಾಯುವೇ ಎದ್ದು ಅದನ್ನು ಕತ್ತರಿಸಬೇಕು, ಅಷ್ಟರಲ್ಲಿ ಗ್ಯಾಲ್ವನೋಮೀಟರಿನ ಸೂಜಿ ಎಷ್ಟು ವಾಲಿತೋ ಅದೇ ಸಮಯದ ಅಳತೆ. ಟಿಪ್ಪಣಿಗೆ ಹೆಂಡತಿ ಓಲ್ಗಾಳ ನೆರವಿತ್ತು.

1850ರಲ್ಲಿ ಸಿಕ್ಕ ಉತ್ತರ ಸೆಕೆಂಡಿಗೆ ಸುಮಾರು 27 ಮೀಟರ್. ಗಾಳಿಯಲ್ಲಿ ಸದ್ದು ಸಾಗುವುದು ಇದರ ಹತ್ತು ಪಟ್ಟಿಗೂ ಹೆಚ್ಚು ವೇಗದಲ್ಲಿ.

ಆದರೆ ನರದ ದಾರಿ ಸವೆಸುವುದಷ್ಟೇ ತಡಕ್ಕೆ ಕಾರಣವಲ್ಲ. 1860ರ ದಶಕದಲ್ಲಿ ನೆದರ್ಲೆಂಡ್ಸ್‌ನ ಉಟ್ರೆಕ್ಟ್‌ನಲ್ಲಿದ್ದ ಶರೀರಶಾಸ್ತ್ರಜ್ಞ ಫ್ರಾನ್ಸ್ ಡಾಂಡರ್ಸ್ ಜನರ ಪಾದಗಳಿಗೆ ಸಣ್ಣ ಹೊಡೆತ ಕೊಟ್ಟು, ಅದೇ ಬದಿಯ ಕೈಯಿಂದ ಸನ್ನೆ ಮಾಡಿಸಿದ. ಯಾವ ಪಾದಕ್ಕೆಂದು ಮೊದಲೇ ಗೊತ್ತಿದ್ದರೆ ಕೈ ಬೇಗ ಏಳುತ್ತಿತ್ತು. ಗೊತ್ತಿಲ್ಲದಿದ್ದರೆ, ಎಡವೋ ಬಲವೋ ಎಂದು ತೀರ್ಮಾನಿಸಲು ಮಿದುಳು ಇನ್ನೂ ಸುಮಾರು 1/15 ಸೆಕೆಂಡು ತೆಗೆದುಕೊಳ್ಳುತ್ತಿತ್ತು.