ಗೋಡೆಯ ಟಿ.ವಿ.ಗೆ ಗೋಡೆಯೊಳಗಿನ ವಿದ್ಯುತ್ ಸಾಕೆಟ್

ಚಪ್ಪಟೆ ಟಿ.ವಿ. ಗೋಡೆಯೇರಿದ ನಂತರ ಅದರಿಂದ ಜೋತುಬೀಳುವ ತಂತಿಗಳನ್ನು ಮರೆಮಾಡಲು, ಟಿ.ವಿ.ಯ ಬೆನ್ನಿಗೇ ಗೋಡೆಯೊಳಗೆ ಹುದುಗಿಸಿದ ಪೆಟ್ಟಿಗೆಯಲ್ಲಿ ಸಾಕೆಟ್ ಕೂರಿಸುವ ಪದ್ಧತಿ ಬಳಕೆಗೆ ಬಂದಿದೆ. ನೋಟಕ್ಕೆ ಸೊಗಸಾದ ಈ ಏರ್ಪಾಡು ಸಂಡೂರು ತಾಲೂಕಿನ ಕುರೆಕುಪ್ಪದಂತಹ ಊರಿನಲ್ಲಿ ಕೆಲವು ವಿಶೇಷ ಎಚ್ಚರಿಕೆಗಳನ್ನು ಬೇಡುತ್ತದೆ.

ಮೊದಲು ಹೊರೆಯ ಲೆಕ್ಕ. 43 ಅಂಗುಲದ ಎಲ್.ಇ.ಡಿ. ಟಿ.ವಿ. ಸಾಮಾನ್ಯವಾಗಿ ಬಳಸುವುದು 100 ವ್ಯಾಟ್ ಆಸುಪಾಸು. 230 ವೋಲ್ಟಿನಲ್ಲಿ ಅದು ಅರ್ಧ ಆಂಪಿಯರಿನಷ್ಟೂ ಆಗದು. ಆದ್ದರಿಂದ ಐಎಸ್ 1293 ಮಾನಕದ 6 ಆಂಪಿಯರ್ ಸಾಕೆಟ್ ಧಾರಾಳವಾಗಿ ಸಾಕು. ಸೆಟ್-ಟಾಪ್ ಬಾಕ್ಸಿಗೂ ಸ್ಥಳವಿರುವಂತೆ ಎರಡು ಸಾಕೆಟ್ ಇರಿಸುವುದು ಜಾಣತನ. ಇಲ್ಲಿ ನಡೆಯುವ ದೊಡ್ಡ ತಪ್ಪೆಂದರೆ, ಟಿ.ವಿ.ಯ ಜೊತೆ ಬಂದ ಮೆದು ತಂತಿಯನ್ನೇ ಗೋಡೆಯೊಳಗೆ ತೂರಿಸಿ ಗಾರೆ ಮೆತ್ತುವುದು. ಆ ತಂತಿ ಗೋಡೆಯೊಳಗೆ ಹೂಳುವುದಕ್ಕಾಗಿ ಮಾಡಿದ್ದಲ್ಲ. ಗೋಡೆಯಲ್ಲಿ ಹೋಗಬೇಕಾದುದು ಪಿ.ವಿ.ಸಿ. ಕೊಳವೆಯೊಳಗಿನ 1.5 ಚದರ ಮಿಲಿಮೀಟರ್ ತಾಮ್ರದ ತಂತಿ. ಕೇಬಲ್ ಹಾಗೂ ಎಚ್.ಡಿ.ಎಂ.ಐ. ತಂತಿಗಳಿಗೆ ಪ್ರತ್ಯೇಕ ಕೊಳವೆ ಬೇಕು.

ಸಾಕೆಟ್ ಟಿ.ವಿ.ಯ ಮರೆಯಲ್ಲಿರಲಿ, ಆದರೆ ಅದರ ಸ್ವಿಚ್ ಮರೆಯಲ್ಲಿರಬಾರದು. ಮುಂಗಾರು ಪೂರ್ವದ ಗುಡುಗು ಮಳೆಯ ಹೊತ್ತಿನಲ್ಲಿ ಈ ಮಾತಿನ ಬೆಲೆ ತಿಳಿಯುತ್ತದೆ. ಸಾಧಾರಣ ಸ್ವಿಚ್ ಫೇಸ್ ತಂತಿಯನ್ನು ಮಾತ್ರ ಕಡಿಯುತ್ತದೆ. ನ್ಯೂಟ್ರಲ್ ಮೂಲಕವೂ ಡಿಶ್ ಕೇಬಲ್ ಮೂಲಕವೂ ಸಿಡಿಲಿನ ಆಘಾತ ಒಳನುಗ್ಗಬಹುದು. ಪ್ಲಗ್ ಕೀಳೋಣವೆಂದರೆ ಭಾರದ ಟಿ.ವಿ. ಅಡ್ಡ. ಆದಕಾರಣ ಕೈಗೆಟುಕುವ ಕಡೆ ಎರಡೂ ತಂತಿಗಳನ್ನು ಕಡಿಯುವ ಡಬಲ್ ಪೋಲ್ ಸ್ವಿಚ್ ಇರಿಸುವುದೇ ಲೇಸು. ಡಿಶ್ ಕೇಬಲನ್ನೂ ಬಿಚ್ಚಲು ಬರುವಂತಿರಬೇಕು.

ಉಲ್ಬಣ ವೋಲ್ಟೇಜನ್ನು ತಡೆಯುವ ಸರ್ಜ್ ಪ್ರೊಟೆಕ್ಟರ್ ಕೊಂಡವರು ಅರ್ಥಿಂಗ್ ಪರೀಕ್ಷಿಸುವುದನ್ನು ಮರೆಯುತ್ತಾರೆ. ಅರ್ಥಿಂಗ್ ಚೆನ್ನಾಗಿಲ್ಲದಿದ್ದರೆ ಆ ಸಾಧನ ಬಹುಪಾಲು ನಿರುಪಯೋಗಿ. ಬಳ್ಳಾರಿ ಸೀಮೆಯ ಬೇಸಿಗೆಯಲ್ಲಿ ನೆಲ ಒಣಗಿದಂತೆ ಅದರ ವಿದ್ಯುತ್ ರೋಧ ಏರುತ್ತದೆ. ಅರ್ಥ್ ಗುಂಡಿಗೆ ಆಗಾಗ ನೀರೆರೆಯುವುದು ಹಳಬರ ರೂಢಿಯಷ್ಟೇ ಅಲ್ಲ, ವಿಜ್ಞಾನವೂ ಹೌದು. ಮೀಟರಿನಿಂದಾಚೆಯ ಈ ಹೊಣೆ ಜೆಸ್ಕಾಂನದ್ದಲ್ಲ, ಮನೆಯವರದ್ದು. 30 ಮಿಲಿಆಂಪಿಯರಿನ ಆರ್.ಸಿ.ಸಿ.ಬಿ. ಇದ್ದರೆ ಸೋರಿಕೆಯಾದೊಡನೆ ವಿದ್ಯುತ್ ಕಡಿತಗೊಂಡು ಜೀವ ಉಳಿಯುತ್ತದೆ.

ಅದಿರು ಸೀಮೆಯ ಕೆಂಧೂಳಿನ ಮಾತೂ ಇದೆ. ಟಿ.ವಿ.ಯ ಹಿಂದೆ ಪೊರಕೆ ಹೋಗುವುದಿಲ್ಲ. ಧೂಳಿಗೆ ತೇವ ಸೇರಿದರೆ ಸಾಕೆಟಿನಲ್ಲಿ ಕಿಡಿ ಹಾರುವ ಸಂಭವವುಂಟು. ಆದ್ದರಿಂದ ಮುಚ್ಚುರೆಕ್ಕೆಯುಳ್ಳ ಸಾಕೆಟನ್ನೇ ಆರಿಸಬೇಕು. ವಿದ್ಯುತ್ ಕಡಿದು ವರ್ಷಕ್ಕೊಮ್ಮೆಯಾದರೂ ಟಿ.ವಿ. ಇಳಿಸಿ ಶುಚಿಗೊಳಿಸಬೇಕು.

ಬ್ರಾಕೆಟಿಗೆ ರಂಧ್ರ ಕೊರೆಯುವಾಗ ಸಾಕೆಟಿನ ನೇರ ಮೇಲೆ ಕೆಳಗೆ ಹಾಗೂ ಅಕ್ಕಪಕ್ಕ ಡ್ರಿಲ್ ತಾಗಿಸಬಾರದು. ಕೊಳವೆ ಹಾದಿರುವುದು ಬಹುತೇಕ ಅಲ್ಲಿಯೇ. ಇನ್ನು ಮಣ್ಣಿನ ಗಾರೆಯ ಹಳೆಯ ಕಲ್ಲುಗೋಡೆಯನ್ನು ಸಾಕೆಟಿಗಾಗಿ ಕಡಿದರೆ ಕಲ್ಲುಗಳು ಸಡಿಲಾಗುತ್ತವೆ. ಅಂತಹ ಮನೆಗೆ ಗೋಡೆಯ ಮೇಲೆಯೇ ಬಡಿಯುವ ಕೇಸಿಂಗ್ ಪಟ್ಟಿಯೇ ತಕ್ಕದ್ದು.